‘ಚಾಲು’ ಎಂಬ ಕಮಾಂಡು

ಶಿವಾರಪಟ್ಟಣದ ಶಿಲ್ಪಿಗಳು ತಮ್ಮ ಉಳಿಯನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲವಂತೆ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ನಾವು ಉಳಿಯನ್ನಾದರೂ ಕೊಟ್ಟೇವು, ಉಳಿಯ ಬಗೆಗಿನ ಅಭಿಪ್ರಾಯವನ್ನು ಮಾತ್ರ ಬಿಟ್ಟುಕೊಡುವವರಲ್ಲ. ನನ್ನ ಅಭಿಪ್ರಾಯ ಇಷ್ಟೆ: ಪ್ರೋಗ್ರಾಂ ತಿದ್ದಲು, ಒಂದು ಸಲಕ್ಕೆ ಒಂದೇ ಸಾಲು ತೋರಿಸುತ್ತಿದ್ದ ಹಳೆಯ ಎಡಿಟರಿಗಿಂತ ಒಳ್ಳೆಯದು ಇನ್ನೂ ಹುಟ್ಟಿಲ್ಲ. ಇದಕ್ಕೆ ಹತ್ತು ಕಾರಣ ಕೊಡಬಲ್ಲೆ. ನಿಜವಾದದ್ದು ಹನ್ನೊಂದನೆಯದು. ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳವು. ಕೋಲಾರದಲ್ಲಿ ಹಳ್ಳಿಗಳಿಂದ ಹಾಲು ತರಿಸುವ ಕಚೇರಿಯೊಂದರಲ್ಲಿ ನನಗೆ ಕೆಲಸ. ಯಾವ ವ್ಯಾನು ಯಾವ ಹಳ್ಳಿಗೆ ಎಷ್ಟು ಗಂಟೆಗೆ ಹೋಗಬೇಕೆಂಬ ಪಟ್ಟಿ ನಮ್ಮ ಕಂಪ್ಯೂಟರಿನಿಂದ ಬರಬೇಕು. ಎಡಿಟರ್ ನಾವು ಕೇಳಿದ ಒಂದು ಸಾಲನ್ನು ತೋರಿಸಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಹಿಂದೇನಿದೆ, ಮುಂದೇನಿದೆ, ದೇವರೇ ಬಲ್ಲ. ಆದ್ದರಿಂದ ಪ್ರೋಗ್ರಾಮನ್ನು ಉದ್ದನೆಯ ಕಾಗದದಲ್ಲಿ ಅಚ್ಚು ಹಾಕಿ ಒಬ್ಬರು ಓದಬೇಕು, ಇನ್ನೊಬ್ಬರು ಕೀಲಿ ಒತ್ತಬೇಕು. ಒತ್ತುವವನು ನಾನು. ಓದುವವರು ಗೌನಿಪಲ್ಲಿಯ ವರಲಕ್ಷ್ಮಿ. ಕಾಗದದ ಮೇಲೆ ಮರದ ಅಡಿಪಟ್ಟಿ ಇಟ್ಟು, ಸಾಲಿನಿಂದ ಸಾಲಿಗೆ ಅದನ್ನು ಸರಿಸುತ್ತ, ತೆಲುಗಿನ ರಾಗದ ಕನ್ನಡದಲ್ಲಿ ಅವರು ಓದುತ್ತಿದ್ದರೆ ಆವರಣ ಚಿಹ್ನೆಗಳೂ ಕಿವಿಗೆ ಇಂಪಾಗುತ್ತಿದ್ದವು. ಅರ್ಥವಾದ ಸಾಲನ್ನೂ ನಾನು ಎರಡು ಸಲ ಓದಿಸುತ್ತಿದ್ದೆ. ನನಗೆ ಕಿವಿ ಸ್ವಲ್ಪ ಮಂದವೆಂದು ಕಚೇರಿಯಲ್ಲಿ ಸುದ್ದಿಯಾಗಿತ್ತು, ನಾನು ತಿದ್ದಲು ಹೋಗಲಿಲ್ಲ.

ಒಂದು ದಿನ ಪಟ್ಟಿಯ ಹಳೆಯ ಸಾಲುಗಳನ್ನು ಅಳಿಸುತ್ತಿದ್ದೆವು. “ನಲವತ್ತು ತೆಗೀರಿ. ನಲವತ್ತೊಂದು ತೆಗೀರಿ. ಚಾಲು,” ಎಂದು ಅವರು ಕಾಗದ ಮಡಿಸಿ ಊಟಕ್ಕೆ ಎದ್ದರು. ತೆಲುಗಿನಲ್ಲಿ ಚಾಲು ಎಂದರೆ ಸಾಕು. ನಮ್ಮ ಮಾಲೂರಿನ ಮನೆಯಲ್ಲಿ ಚಾಲು ಎಂದರೆ ನಡೆಯಲಿ. ನಾನು ನಡೆಸಿದೆ. ಪುಟ ಮುಗಿಯುವವರೆಗೆ ಅಳಿಸಿದೆ.

ಮೂರನೆಯ ದಿನ ಸುಗಟೂರಿನ ಮುನಿವೆಂಕಟಪ್ಪ ಎಂಬ ಹಿರಿಯರು ಒಡೆದ ಹಾಲಿನ ಕ್ಯಾನನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕಿದರು. “ಪಟ್ಟೀಲಿ ಸುಗಟೂರೇ ಇಲ್ಲ ಅಂತಾನಲ್ಲಪ್ಪ ನಿಮ್ ಡ್ರೈವರ್ರು. ಊರಿಲ್ದೆ ನಾನೆಲ್ಲಿಂದ ಬಂದೆ, ಒಸಿ ಆ ಪೆಟ್ಟಿಗೇನೇ ಕೇಳು.”

ಅವರು ಹೋದ ಮೇಲೆ ವರಲಕ್ಷ್ಮಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಾನೂನು ಮಾಡಿದರು: “ಇನ್ಮೇಲೆ ಈ ರೂಮಲ್ಲಿ ಚಾಲು ಅಂದ್ರೆ ನಿಮ್ ಚಾಲೂನೇ. ನಿಲ್ಲಿಸ್ಬೇಕಾದ್ರೆ ಸಾಕು ಅಂತೀನಿ. ಸರೀನಾ?” ಸರಿ ಎಂದೆ. ಅವರು ಅದನ್ನು ಒಮ್ಮೆಯೂ ಮುರಿಯಲಿಲ್ಲ.

ಎರಡು ವರ್ಷದ ಮೇಲೆ ಹೊಸ ಎಡಿಟರ್ ಬಂತು. ಇಡೀ ಪರದೆ ತುಂಬ ಸಾಲುಗಳು, ಮೇಲೆ ಕೆಳಗೆ ಓಡಾಡಬಹುದು. ನಾನು ಅದರ ವಿರುದ್ಧ ಮೂರು ಪುಟದ ವರದಿ ಬರೆದೆ. “ಕಣ್ಣು ಕೆಡ್ತದೆ ಅಂತ ಬರ್ದಿದ್ದೀರಿ, ಕಿವಿ ಮೊದ್ಲೇ ಕೆಟ್ಟಿದ್ಯಲ್ರೀ,” ಎಂದರು ಮ್ಯಾನೇಜರು. ಓದುವವರು ಬೇಕಾಗಲಿಲ್ಲ. ವರಲಕ್ಷ್ಮಿಯವರಿಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು.

ಕೊನೆಯ ದಿನ ಅಡಿಪಟ್ಟಿ ಹಿಂತಿರುಗಿಸಲು ಬಂದು ಎದುರಿನ ಕುರ್ಚಿಯಲ್ಲಿ ಕೂತರು. ನಾನು ಧೈರ್ಯ ಮಾಡಿದೆ. “ನೀವು ಓದೋದು ಕೇಳ್ದೆ ನಂಗೆ ಇಲ್ಲಿ... ಅಂದ್ರೆ, ಎಡಿಟರ್ ವಿಷ್ಯ ಅಲ್ಲ ನಾನು ಹೇಳ್ತಿರೋದು...” ಎಂದು ತಡವರಿಸಿದೆ.

ಅವರು ತಲೆ ತಗ್ಗಿಸಿಕೊಂಡು ಮೆಲ್ಲಗೆ, “ಚಾಲು,” ಎಂದರು.

ಸುಗಟೂರಿನ ಹಾಲು ಒಡೆಸಿದವನು ನಾನು. ಅದೇ ತಪ್ಪನ್ನು ಎರಡು ಸಲ ಮಾಡುತ್ತೇನೆಯೇ? ತಟ್ಟನೆ ನಿಲ್ಲಿಸಿ, ಶ್ರೀನಿವಾಸಪುರದ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದೆ. ಅವರು ಅಡಿಪಟ್ಟಿಯನ್ನು ನನ್ನ ಕಡೆಗೆ ಸರಿಸಿ, ನಾಲ್ಕೂವರೆಗೆ ಎಂದು ಹೇಳಿ ಎದ್ದರು.

ಅವರ ಮದುವೆಯ ಕಾಗದ ಬಂದ ವಾರವೇ ಕಚೇರಿಗೆ ಹೊಸಬರೊಬ್ಬರು ಸೇರಿದರು. ಅವರಿಗೆ ನಮ್ಮ ಕೋಣೆಯ ಪದ್ಧತಿಗಳನ್ನು ವಿವರಿಸುತ್ತ, “ಇಲ್ಲಿ ಚಾಲು ಅಂದ್ರೆ ನಡೀಲಿ ಅಂತ...” ಎಂದವನು ಅಲ್ಲಿಗೇ ನಿಂತೆ. ಕಾನೂನು ಆಗ ನೆನಪಾಯಿತು.

ಈಗಲೂ ನಾನು ಹಳೆಯ ಎಡಿಟರಿನಲ್ಲೇ ಬರೆಯುವುದು. ಅಡಿಪಟ್ಟಿ ಪಕ್ಕದಲ್ಲೇ ಇರುತ್ತದೆ. ಯಾಕೆಂದು ಯಾರಾದರೂ ಕೇಳಿದರೆ, ಈ ಎಡಿಟರ್ ಮೆಮೊರಿಯನ್ನು ಕಡಿಮೆ ತಿನ್ನುತ್ತದೆ ಎನ್ನುತ್ತೇನೆ.