ಹದಿನಾಲ್ಕನೇ ಮಂಚದ ಒಪ್ಪಂದ

ದೋನ್ ಸೆವೆರೊಗೆ ಓದುವ ಚಟ ಯಾವತ್ತೂ ಇರಲಿಲ್ಲ. ಕೊಚಬಾಂಬಾದ ಹೆಂಗಸರ ಟೋಪಿಗಳಿಗೆ ಹಬೆ ಹಿಡಿದು ಆಕಾರ ಕೊಡುವ ಕೆಲಸಕ್ಕೆ ಓದು ಬೇಕಾಗಿಯೂ ಇರಲಿಲ್ಲ. ಆ ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಅವರಿಗೆ ಅದೇನು ಬುದ್ಧಿ ಬಂತೋ, ಆಸ್ಪತ್ರೆಯಲ್ಲಿ ಹೆಂಡತಿಯ ಮಂಚಕ್ಕೆ ತೂಗುಹಾಕಿದ್ದ ಚೀಟಿಯನ್ನು ಎತ್ತಿ ಓದಿದರು. ಹದಿನಾಲ್ಕನೇ ಮಂಚ, ಕಾಸಿಲ್ದಾ, ನಡುಕದ ಮಾತ್ರೆ: ಎಂಟು, ಎರಡು, ಎಂಟು.

ಕಾಸಿಲ್ದಾಗೆ ಪಾರ್ಕಿನ್ಸನ್ ಕಾಯಿಲೆ ಶುರುವಾಗಿ ಆರು ವರ್ಷ. ಆರು, ಹತ್ತು, ಎರಡು, ಆರು. ಈ ನಾಲ್ಕು ಹೊತ್ತಿಗೆ ಮಾತ್ರೆ ಬಿದ್ದರೆ ಆಕೆ ರಾಣಿ. ತಪ್ಪಿತೋ, ಮೈಯೆಲ್ಲ ಮರಗಟ್ಟಿ ಚಮಚ ಎತ್ತಲೂ ಆಗದು. ಹೋದ ವರ್ಷ ಬೇರೊಂದು ಆಸ್ಪತ್ರೆಯಲ್ಲಿ ಹಾಗೇ ಆಗಿತ್ತು. ಅವತ್ತು ಆಕೆಗೆ ಸೂಪು ಕುಡಿಸುತ್ತ ಸೆವೆರೊ ಗೋಡೆಯ ಕಡೆ ತಿರುಗಿ ಅತ್ತಿದ್ದರು. ಈಗ ನ್ಯುಮೋನಿಯಾ ಎಂದು ಇಲ್ಲಿ ಸೇರಿಸಿ ನಾಲ್ಕು ದಿನವಾಗಿದೆ, ಚೀಟಿ ನೋಡಿದರೆ ಹೀಗಿದೆ.

"ಕಾಸಿ, ನಾಲ್ಕು ದಿನದಿಂದ ನಿನ್ನ ಕೊಲ್ತಿದಾರಲ್ಲೇ," ಎಂದರು.

"ಮುದುಕಾ, ನೀನು ಏನೂ ಮಾಡೋಕೆ ಹೋಗಬೇಡ. ಮನೆಗೆ ಹೋಗಿ ಊಟ ಮಾಡು," ಎಂದಳು ಕಾಸಿಲ್ದಾ.

ಎಂಥ ತಾಳ್ಮೆಯ ಹೆಂಗಸು, ನೋವನ್ನು ತೋರಿಸಿಕೊಳ್ಳುವುದೂ ಇಲ್ಲ ಎಂದುಕೊಂಡರು ಸೆವೆರೊ. ಅಷ್ಟರಲ್ಲಿ ಗಂಟೆ ಹೊಡೆಯಿತು. ಅದು ಹೆಂಗಸರ ವಾರ್ಡು. ಗಂಡಸರಿಗೆ ಬೆಳಗ್ಗೆ ಅರ್ಧ ಗಂಟೆ, ಸಂಜೆ ಐದರಿಂದ ಆರರವರೆಗೆ, ಅಷ್ಟೇ. ಕಾವಲುಗಾರ ಅವರನ್ನು ಕೋಳಿ ಅಟ್ಟಿದ ಹಾಗೆ ಮೆಟ್ಟಿಲಿಳಿಸಿ ಗೇಟಿನಾಚೆ ಬಿಟ್ಟ.

ಗೇಟಿನಲ್ಲಿ ಎಂಪನಾಡಾ ಕಡುಬು ಮಾರುವ ದೋನ್ಯಾ ಪ್ರಿಮಿತಿವಾ ಇದ್ದಳು. ಆಸ್ಪತ್ರೆಯ ಒಳಗಿನ ಡಾಕ್ಟರುಗಳಿಗೆ ಗೊತ್ತಿಲ್ಲದ ರೋಗಗಳೂ ಆಕೆಗೆ ಗೊತ್ತು. ಸೆವೆರೊ ಅಳುಮೋರೆ ಮಾಡಿಕೊಂಡು ಹೇಳಿದ್ದನ್ನು ಆಕೆ ಕೇಳಿ, ಅಕ್ಕಪಕ್ಕದ ಹತ್ತು ಜನಕ್ಕೆ ಅಲ್ಲೇ ತಿರುಗಿ ಹೇಳಿ, ಫುಟ್‌ಪಾತಿನಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದ ದೋನ್ ಇಲಾರಿಯೋನ್ ಕಡೆ ಬೆರಳು ತೋರಿಸಿದಳು. ಊರಿನ ಅರ್ಜಿಗಳೆಲ್ಲ ಹುಟ್ಟುವುದು ಅವರ ಬೆರಳುಗಳಲ್ಲೇ.

ಇಲಾರಿಯೋನ್ "ಮಹಾಮಾನ್ಯರೇ" ಎಂದು ಶುರುಮಾಡಿ ಒಂದೂವರೆ ಪುಟ ಕುಟ್ಟಿದರು. ಕಾಸಿಲ್ದಾ ಎಂಬ ಹೆಸರು ಬರುವಷ್ಟರಲ್ಲಿ ಹತ್ತು ಗಂಟೆ ದಾಟಿತ್ತು. ಹತ್ತರ ಮಾತ್ರೆಯೂ ತಪ್ಪಿತೆಂದುಕೊಂಡು ಸೆವೆರೊ ಆಸ್ಪತ್ರೆ ಕಚೇರಿಯ ನಾಲ್ಕನೇ ಕಿಟಕಿಗೆ ಓಡಿದರು. ಫೋಲ್ಡರ್ ಹಳದಿ ಇರಬೇಕು, ಇದು ಕಿತ್ತಳೆ ಎಂದಳು ಕಿಟಕಿಯಾಕೆ. ಹಳದಿ ತಂದರೆ ಮೂರು ನಕಲು ಎಲ್ಲಿ ಎಂದಳು. ನಕಲು ತಂದರೆ, ಮಂಚದಲ್ಲಿ ಮಲಗಿರುವವಳು ನಿಮ್ಮ ಹೆಂಡತಿಯೇ ಅನ್ನುವುದಕ್ಕೆ ಏನು ಸಾಕ್ಷಿ, ಮದುವೆಯ ಸರ್ಟಿಫಿಕೇಟ್ ತನ್ನಿ ಎಂದಳು. ಸೆವೆರೊ ಬೆವರು ಸುರಿಸುತ್ತ ಮನೆಗೆ ಹೋಗಿ, ಪೆಟ್ಟಿಗೆಯ ತಳದಿಂದ ಅದನ್ನು ಕಿತ್ತು ತಂದರು. ಆಕೆ ಹಿಂದೆ ಮುಂದೆ ತಿರುಗಿಸಿ, ಇದು ಮೂವತ್ತೆಂಟು ವರ್ಷ ಹಳೆಯದು, ಮೂರು ತಿಂಗಳೊಳಗಿನದು ಬೇಕು ಎಂದಳು.

"ಮೂರು ತಿಂಗಳ ಹಿಂದೆ ನಾನು ಯಾರನ್ನೂ ಮದುವೆ ಆಗಿಲ್ಲ ತಾಯಿ," ಎಂದರು ಸೆವೆರೊ.

ಕಿಟಕಿ ಊಟಕ್ಕೆ ಮುಚ್ಚಿತು. ನಮ್ಮೂರಲ್ಲಿ ಭೂಕಂಪವಾದರೂ ಊಟದ ಹೊತ್ತು ಕಳೆದೇ ಆಗಬೇಕು.

ಗೇಟಿಗೆ ವಾಪಸು ಬಂದವರನ್ನು ನೋಡಿ ದೋನ್ಯಾ ಪ್ರಿಮಿತಿವಾ ಬುಟ್ಟಿಗೆ ಬಟ್ಟೆ ಮುಚ್ಚಿ ಎದ್ದಳು. "ಕಾಗದ ಕೊಟ್ಕೊಂಡು ಕೂತ್ರೆ ಕಾಗದಕ್ಕೆ ವಾಸಿಯಾಗುತ್ತೆ ದೋನ್ ಸೆವೆರೊ, ನಿಮ್ಮ ಹೆಂಡ್ತಿಗಲ್ಲ. ರಸ್ತೆ ಮುಚ್ಚಬೇಕು," ಎಂದಳು.

ರಸ್ತೆ ಮುಚ್ಚುವುದು ನಮ್ಮವರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಸೆವೆರೊ ಬೇಡ ಬೇಡ ಎನ್ನುವಷ್ಟರಲ್ಲಿ ಕಾಯುವವರ ಬೆಂಚು, ಎರಡು ಹಳೇ ಟೈರು, ಸಾಲಾಗಿ ಕಲ್ಲು, ಅದರ ಹಿಂದೆ ಪ್ರಿಮಿತಿವಾಳ ಗಾಡಿ ಎಲ್ಲ ಬೀದಿಗೆ ಅಡ್ಡ ಬಂದವು. ಯಾರೋ ಪಟಾಕಿಯನ್ನೂ ಸಿಡಿಸಿದರು. ಆಂಬ್ಯುಲೆನ್ಸ್ ಬಂದರೆ ಬೆಂಚು ಸರಿಸಿ ದಾರಿ ಬಿಡುವುದು, ಅದು ಹೋದ ಮೇಲೆ ಮತ್ತೆ ಇಡುವುದು. ಬಸ್ಸು ನಿಂತು ಇಳಿದವರು ಮೊದಲು ಬೈದರು, ಕಾರಣ ಕೇಳಿದರು, ಆಮೇಲೆ ಅವರೂ ಕೂತರು. ಬೇಡಿಕೆಗಳೂ ಬೆಳೆದವು, ಒಬ್ಬರಿಗೆ ಆಸ್ಪತ್ರೆಯ ಶೌಚಾಲಯಕ್ಕೆ ಬಾಗಿಲು ಬೇಕು, ಇನ್ನೊಬ್ಬರಿಗೆ ರಕ್ತಪರೀಕ್ಷೆಯ ಸಾಲು ಚಿಕ್ಕದಾಗಬೇಕು. ಮೂರು ಗಂಟೆಯ ಹೊತ್ತಿಗೆ ಜನ್ಮದಲ್ಲಿ ಯಾರಿಗೂ ಗಟ್ಟಿಯಾಗಿ ಎದುರು ಮಾತಾಡದ ಸೆವೆರೊ ಇನ್ನೂರು ಜನರ ನಾಯಕರಾಗಿದ್ದರು. ಮೇಲಿನ ಮಹಡಿಯಲ್ಲಿ ಕಾಸಿ ಮರದ ದಿಮ್ಮಿಯಂತೆ ಬಿದ್ದಿರಬಹುದು ಎಂದು ನೆನೆದಾಗಲೆಲ್ಲ ಅವರಿಗೆ ಎಲ್ಲಿಲ್ಲದ ಧೈರ್ಯ ಬರುತ್ತಿತ್ತು.

ನಾಲ್ಕೂವರೆಗೆ ಆಸ್ಪತ್ರೆಯ ದೊಡ್ಡ ಡಾಕ್ಟರು ಬಾಲ್ದಿವಿಯೆಸೊ ತಾವೇ ಇಳಿದು ಬಂದರು. ಇಲಾರಿಯೋನ್ ಮೇಜು ಸಮೇತ ನಡುಬೀದಿಗೆ ಬಂದು ಒಪ್ಪಂದಪತ್ರ ಕುಟ್ಟಲು ಕೂತರು. ನಮ್ಮಲ್ಲಿ ಒಪ್ಪಂದಕ್ಕೆ ಸಹಿ ಬೀಳದೆ ಒಂದು ಕಲ್ಲೂ ಕದಲುವುದಿಲ್ಲ. ಹದಿನಾಲ್ಕನೇ ಮಂಚಕ್ಕೆ ಆರು, ಹತ್ತು, ಎರಡು, ಆರು ಎಂದು ಮೊದಲನೇ ಕಲಮು ಬಂತು. ನರ್ಸುಗಳನ್ನು ನಂಬುವ ಹಾಗಿಲ್ಲ, ಅದನ್ನೂ ಬರೀರಿ ಎಂದಳು ಪ್ರಿಮಿತಿವಾ. ಅದನ್ನೂ ಬರೆದರು.

"ಹಾಗಾದ್ರೆ ಮಾತ್ರೆಗೆ ಜವಾಬ್ದಾರಿ ಯಾರು?" ಎಂದು ಡಾಕ್ಟರು ಕೇಳಿದರು.

ಇನ್ನೂರು ಜನ ತನ್ನನ್ನೇ ನೋಡುತ್ತಿರುವಾಗ ಗಂಡಸಾದವನು ಇನ್ನೇನು ಹೇಳಿಯಾನು? "ನಾನು," ಎಂದರು ಸೆವೆರೊ, ಎದೆ ತಟ್ಟಿಕೊಂಡು. ಡಾಕ್ಟರ ಮುಖ ಅರಳಿತು. ಒಂಬತ್ತು ಕಲಮುಗಳ ಪೈಕಿ ಮೊದಲನೆಯದನ್ನು ಓದುವಷ್ಟರಲ್ಲೇ ಸೆವೆರೊ ಅವರ ಕಣ್ಣು ತುಂಬಿ ಬಂತು. ಮಿಕ್ಕ ಎಂಟನ್ನು ಓದದೆ ಸಹಿ ಹಾಕಿದರು. ಜನ ಅವರನ್ನು ಹೆಗಲ ಮೇಲೆ ಎತ್ತಿ ಮೆರೆಸಿ, ಗೇಟಿನಲ್ಲಿ ಇಳಿಸುವಾಗ ಐದೂವರೆ ದಾಟಿತ್ತು.

ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ವಾರ್ಡಿಗೆ ನುಗ್ಗಿದರೆ, ಕಾಸಿಲ್ದಾ ಮಂಚದ ಮೇಲೆ ನೆಟ್ಟಗೆ ಕೂತು ಪಕ್ಕದ ಮಂಚದವಳಿಗೆ ಜಡೆ ಹೆಣೆಯುತ್ತಿದ್ದಳು. ಬೆರಳು ಒಂದಿಷ್ಟೂ ತಡವರಿಸುತ್ತಿರಲಿಲ್ಲ.

"ಕಾಸಿ, ಮಾತ್ರೆ ಇಲ್ದೆ ನೀನು ಹೇಗೆ..."

"ಇಲ್ದೆ ಯಾಕೆ? ಬಂದ ದಿನವೇ ನರ್ಸ್ ಸುಲ್ಮಾಗೆ ಹೇಳ್ದೆ. ಚೀಟಿ ತಿದ್ದೋಕೆ ಮೂರು ಡಾಕ್ಟರ ಸಹಿ ಬೇಕಂತೆ. ಚೀಟಿ ಅದರ ಪಾಡಿಗೆ ಅದಿರ್ಲಿ ಅಂತ, ಪಾಪ, ಮಾತ್ರೆ ಜೇಬಲ್ಲಿಟ್ಕೊಂಡು ಬಂದು ಹೊತ್ತಿಗೆ ಸರಿಯಾಗಿ ಕೊಡ್ತಿದಾಳೆ. ಒಂದು ನಿಮಿಷ ಆಚೀಚೆ ಆಗಿಲ್ಲ."

ಸೆವೆರೊ ಮಂಚದ ತುದಿಯಲ್ಲಿ ಕುಸಿದು ಕೂತರು. "ನಂಗೆ ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳಿದ್ರೆ ಗೇಟಿಗೆ ಹೇಳಿದ ಹಾಗೆ. ಗೇಟಿಗೆ ಹೇಳಿದ್ರೆ ದೊಡ್ಡ ಡಾಕ್ಟರಿಗೆ ಹೇಳಿದ ಹಾಗೆ. ಆ ಹುಡುಗಿ ಕೆಲಸ ಹೋಗ್ಬೇಕಾ? ಅದಿರ್ಲಿ, ಕೆಳಗೆ ಅದೇನು ಗಲಾಟೆ? ಯಾವ ಅಪ್ಪಂಗೆ ಹುಟ್ಟಿದವನು ಆಸ್ಪತ್ರೆ ಮುಂದೆ ಪಟಾಕಿ ಹೊಡೆದದ್ದು?"

ಅಷ್ಟರಲ್ಲಿ ಸುಲ್ಮಾ ಬಂದಳು. ಒಂದು ಕೈ ಜೇಬಿನಲ್ಲಿತ್ತು, ಇನ್ನೊಂದರಲ್ಲಿ ಒಪ್ಪಂದದ ನಕಲು. ಆಕೆ ಜೇಬಿನ ಕೈಯನ್ನು ಬರಿದಾಗಿಯೇ ಹೊರಗೆ ತೆಗೆದು ನಾಲ್ಕನೇ ಕಲಮನ್ನು ಓದಿ ಹೇಳಿದಳು. ಇನ್ನು ಮುಂದೆ ಯಾವ ನರ್ಸೂ ತಾನಾಗಿ ಮಾತ್ರೆ ಕೊಡುವಂತಿಲ್ಲ. ಪ್ರತಿ ಮಾತ್ರೆಯನ್ನೂ ಗಂಡನೇ ಖುದ್ದಾಗಿ ಕೆಳಗಿನ ಔಷಧಿ ಕಿಟಕಿಗೆ ಬಂದು, ಸಹಿ ಹಾಕಿ ಬಿಡಿಸಿಕೊಳ್ಳಬೇಕು. ದಿನಕ್ಕೆ ನಾಲ್ಕು ಸಲ, ಹೆಂಡತಿ ಬಿಡುಗಡೆಯಾಗುವ ತನಕ.

"ನನ್ನ ಕೈ ಕಟ್ಟಿಹಾಕಿದ್ರಲ್ಲ ದೋನ್ ಸೆವೆರೊ," ಎಂದಳು.

ಕಾಸಿಲ್ದಾ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಬೈಗುಳ ಬರುತ್ತದೆಂದು ಸೆವೆರೊ ಕಣ್ಣು ಮುಚ್ಚಿದರು. ಬಂದದ್ದು ನಗು. ಆಕೆ ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವವರೆಗೂ ನಕ್ಕಳು. "ನನಗೋಸ್ಕರ ನೀನು ರಸ್ತೆ ಮುಚ್ಚಿದೆಯಾ? ನೀನಾ?" ಎಂದು ಕಣ್ಣೊರೆಸಿಕೊಂಡು, "ಓಡು ಮುದುಕಾ, ಆರಾಗೋಕೆ ಎಂಟೇ ನಿಮಿಷ," ಎಂದಳು.

ಸೆವೆರೊ ಓಡಿದರು. ಕಿಟಕಿಯಲ್ಲಿ ಮೂರು ಕಡೆ ಸಹಿ ಹಾಕಿ, ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದು, ಮೂರು ಮಹಡಿ ಹತ್ತಿದರು. ವಾರ್ಡಿನ ಬಾಗಿಲಲ್ಲಿ ಕಾವಲುಗಾರ ಅಡ್ಡ ನಿಂತಿದ್ದ. ಆಗಷ್ಟೇ ಆರು ಹೊಡೆಯುತ್ತಿತ್ತು, ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಸುಲ್ಮಾ ಅವನ ಭುಜದ ಮೇಲಿಂದ ಕೈ ಚಾಚಿ, ಸೆವೆರೊ ಅವರ ಬೆವರಿದ ಅಂಗೈಯಿಂದ ಮಾತ್ರೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಒಳಗೆ ಹೋದಳು.

ಬಾಗಿಲು ಮುಚ್ಚುವ ಮೊದಲು ಹದಿನಾಲ್ಕನೇ ಮಂಚದಿಂದ ಕೂಗು ಬಂತು.

"ಬೆಳಗ್ಗೆ ಆರಕ್ಕೆ ಬರುವಾಗ ಸ್ವೆಟರ್ ಹಾಕ್ಕೊಂಡ್ ಬಾ. ಚಳಿ ಇರುತ್ತೆ."