ಬೈ ದ ವೇ ಅನ್ನುವಷ್ಟರಲ್ಲಿ ಲಿಫ್ಟ್ ಮುಚ್ಚಿತು

ನಾನು ಇಂಗ್ಲಿಷಿನಲ್ಲಿ ಬಾಯಿ ಬಿಟ್ಟಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಒಂದೆರಡು ಸಲ ಆಗಿದ್ದರೆ ಗ್ರಹಚಾರ ಅಂತ ಸುಮ್ಮನಾಗಬಹುದಿತ್ತು. ನನಗೆ ಅದು ಮಾಮೂಲಾಗಿಬಿಟ್ಟಿದೆ. ಪದ ಬರುವುದಿಲ್ಲ ಅಂತಲ್ಲ. ನಮ್ಮ ವ್ಯಾಪಾರದಲ್ಲಿ ಅರ್ಧಕ್ಕರ್ಧ ಪದ ಇಂಗ್ಲಿಷೇ. ಎಲ್ಬೋ, ಶವರ್, ಕಮೋಡ್, ವಾಷರ್. ನನಗೆ ಬರದಿರುವುದು ಒಂದೇ: ವಿಷಯ ಯಾವಾಗ ತೆಗೆಯಬೇಕು, ತೆಗೆದ ಮೇಲೆ ಯಾವ ಕಡೆ ತಿರುಗಿಸಬೇಕು ಅನ್ನುವುದು. ಕನ್ನಡದಲ್ಲಿ ಅದೇ ನನ್ನ ಬಂಡವಾಳ.

ಕನ್ನಡದಲ್ಲಿ ನಾನು ಹುಲಿ

ಬಸವೇಶ್ವರನಗರದಲ್ಲಿ ನನ್ನದು ನಲ್ಲಿ, ಸಿಂಕು, ಬಾತ್‌ರೂಮ್ ಸಾಮಾನಿನ ಅಂಗಡಿ. ಮೂವತ್ತು ವರ್ಷ ಆಯಿತು. ಒಂದು ದಿನ ರಿಟೈರಾದ ಯಜಮಾನರೊಬ್ಬರು ಬಂದು, "ನಲ್ಲಿ ಸೋರ್ತಾ ಇದೆ, ಒಂದು ವಾಷರ್ ಕೊಡಿ" ಅಂದರು.

"ಕೊಡೋಣ, ಕೂತ್ಕೊಳಿ ಸಾರ್. ಮನೆ ಯಾವಾಗ ಕಟ್ಸಿದ್ದು?"

"ಮಗಳು ಹುಟ್ಟಿದ ವರ್ಷ."

"ಮಗಳು ಏನ್ ಮಾಡ್ತಿದಾರೆ ಈಗ?"

"ಮದುವೆ ಗೊತ್ತಾಗಿದೆ. ಮುಂದಿನ ತಿಂಗಳು ಛತ್ರ."

"ಓಹೋ. ಹಾಗಾದ್ರೆ ಬೀಗರು ಮನೆಗೆ ಬರ್ತಾರೆ ಅನ್ನಿ."

ಅಷ್ಟೇ. ನಾನು ಮುಂದೆ ಮಾತಾಡಲಿಲ್ಲ. ಬೀಗರು ಬಚ್ಚಲಿಗೆ ಹೋಗಿ ಹಳದಿ ಕಟ್ಟಿದ ನಲ್ಲಿ ನೋಡಿ ಹೊರಗೆ ಬರುವ ಚಿತ್ರ ಅವರ ತಲೆಯಲ್ಲಿ ತಾನಾಗಿಯೇ ಮೂಡಿತು. ಮೆಟ್ಟಿಲು ಇಳಿಯುತ್ತಾ ತಿರುಗಿ, "ಅಂದ ಹಾಗೆ, ಒಂದು ಬಾತ್‌ರೂಮ್ ಪೂರ್ತಿ ಬದಲಾಯಿಸಿದ್ರೆ ಹೇಗೆ?" ಅಂದರು.

ಇದು ನಮ್ಮ ಕಡೆಯ ಕ್ರಮ. ಹೆಣ್ಣು ಕೇಳಲಿ, ಸೈಟು ಕೇಳಲಿ, ಮುಖ್ಯ ವಿಷಯ ಬರುವುದು ಬಾಗಿಲಲ್ಲಿ, ಚಪ್ಪಲಿಗೆ ಕಾಲು ತೂರಿಸುವಾಗ. ಅಲ್ಲಿಯವರೆಗೆ ಆಡುವುದೆಲ್ಲ ಕಾಫಿ ಆರಲಿ ಅಂತ ಆಡುವ ಮಾತು. ನಮ್ಮದೇ ವ್ಯಾಪಾರ ಮಾಡುವ ಎದುರಂಗಡಿಯವರಿಗೆ ಈ ಕಲೆ ಗೊತ್ತಿಲ್ಲ. ಅವರು ಕೇಳಿದ್ದು ಕೊಟ್ಟು ಕಳಿಸುತ್ತಾರೆ. ಹೀಗಾದರೆ ಅವರು ಬದುಕುವುದು ಹೇಗೆ ಅಂತ ನಾನು ಅವರಿಗಾಗಿ ಮರುಗುತ್ತಿದ್ದೆ.

ಯಜಮಾನರು ಹೋದ ಮೇಲೆ ನೋಡಿದರೆ ಅವರು ಕೇಳಿದ್ದ ವಾಷರ್ ಟೇಬಲ್ ಮೇಲೆಯೇ ಇತ್ತು. ಕೊಡುವುದನ್ನು ನಾನೂ ಮರೆತಿದ್ದೆ, ಒಯ್ಯುವುದನ್ನು ಅವರೂ ಮರೆತಿದ್ದರು.

ಮೂರನೇ ಮಹಡಿ

ಈಚೆಗೆ ಅಂಗಡಿಗೆ ಬರುವವರು ನಲ್ಲಿಯ ಫೋಟೋ ತೆಗೆದುಕೊಂಡು ಹೋಗಿ ಫೋನಿನಲ್ಲಿ ತರಿಸಿಕೊಳ್ಳುತ್ತಾರೆ. ಕಟ್ಟಡದ ಮಾಲೀಕರು ಬೇರೆ ನನ್ನ ಎದುರಿಗೇ, "ಕಾಫಿ ಅಂಗಡಿಯವರು ಜಾಗ ಕೇಳ್ತಿದಾರಪ್ಪ" ಅಂತ ಅಳತೆ ಟೇಪು ಹಿಡಿದು ಓಡಾಡತೊಡಗಿದರು. ಅಂಥ ಹೊತ್ತಿನಲ್ಲಿ ಕೆಂಗೇರಿ ಹತ್ತಿರ ಒಂದು ಅಪಾರ್ಟ್‌ಮೆಂಟ್ ಏಳುತ್ತಿದೆ ಅಂತ ಸುದ್ದಿ ಬಂತು. ತೊಂಬತ್ತಾರು ಮನೆ, ಮನೆಗೆ ಎರಡರಂತೆ ನೂರ ತೊಂಬತ್ತೆರಡು ಬಾತ್‌ರೂಮ್. ಆ ಆರ್ಡರ್ ಸಿಕ್ಕಿದರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಅಲ್ಲಿ ಕಾಫಿ.

ಸಾಮಾನು ಆರಿಸುವವರು ಆರ್ಕಿಟೆಕ್ಟ್ ಮೇಡಂ. ವಿಜಯನಗರದ ಒಂದು ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ಅವರ ಆಫೀಸು. ಕನ್ನಡ ಬರದು. ಕ್ಯಾಟಲಾಗು ಕಂಕುಳಲ್ಲಿಟ್ಟುಕೊಂಡು ಹೋದೆ. ನಮ್ಮ ಕ್ರಮದಂತೆಯೇ ಶುರು ಮಾಡಿದೆ.

"ಯುವರ್ ನೇಟಿವ್ ಪ್ಲೇಸ್?"

"ಲಕ್ನೋ."

"ವೆರಿ ಗುಡ್ ಪ್ಲೇಸ್." ನಾನು ಗುಂತಕಲ್ ದಾಟಿದವನಲ್ಲ. "ಫಾದರ್, ವಾಟ್ ಡೂಯಿಂಗ್?"

"ರಿಟೈರ್ಡ್."

"ಯೂ ಮ್ಯಾರೀಡ್?"

ಲ್ಯಾಪ್‌ಟಾಪ್ ಮೇಲೆ ಆಡುತ್ತಿದ್ದ ಬೆರಳು ನಿಂತವು. "ಸರ್," ಅಂದರು ಮೇಡಂ ಮೆಲ್ಲಗೆ, "ಆರ್ ಯೂ ಫ್ರಮ್ ಎ ಮ್ಯಾರೇಜ್ ಬ್ಯೂರೋ?"

ನೋ ನೋ ಅಂದೆ. ಆದರೂ ನಲ್ಲಿ ವಿಷಯ ತೆಗೆಯಲಿಲ್ಲ. ಬಾಗಿಲು ಇನ್ನೂ ಬಂದಿರಲಿಲ್ಲವಲ್ಲ! ಥ್ಯಾಂಕ್ಯೂ ಹೇಳಿ ಎದ್ದೆ. ಮೇಡಂ ಮರ್ಯಾದಸ್ಥರು, ಲಿಫ್ಟಿನವರೆಗೂ ಬಂದರು. ನಾನು ಒಳಗೆ ಕಾಲಿಟ್ಟು, ತಿರುಗಿ, ಗಂಟಲು ಸರಿಮಾಡಿಕೊಂಡು, "ಬೈ ದ ವೇ..." ಅಂದೆ.

ಲಿಫ್ಟ್ ಮುಚ್ಚಿಕೊಂಡಿತು. ನಮ್ಮ ಮನೆಗಳ ಬಾಗಿಲಿಗೆ ಇಂಥ ದುರಭ್ಯಾಸ ಇಲ್ಲ. ಮತ್ತೆ ಹತ್ತಿ ಹೋದರೆ ಮದುವೆ ಬ್ರೋಕರ್ ಅನ್ನುವುದು ಖಾತ್ರಿಯಾಗುತ್ತಿತ್ತು. ಹೇಳಬೇಕಾಗಿದ್ದನ್ನೆಲ್ಲ ಲಿಫ್ಟಿನ ಕನ್ನಡಿಗೆ ಹೇಳಿದೆ. ಕನ್ನಡಿಯಲ್ಲಿದ್ದ ಮನುಷ್ಯ ಆರ್ಡರ್ ಕೊಡುವವನ ಹಾಗೆ ಕಾಣಲಿಲ್ಲ.

ಮಳೆಯಿಂದ ನಲ್ಲಿಗೆ

ಅವಮಾನ ಆದ ಮೇಲೆ ರಾಜಾಜಿನಗರದಲ್ಲಿ ಬೇಕರಿ ಮೇಲಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ಪಾಠ ಹೇಳುವ ಮಿಸ್ಸಿಗೆ ನನ್ನ ಅರ್ಧ ವಯಸ್ಸೂ ಇಲ್ಲ. ಒಳ್ಳೆಯ ಪಾಠ. ಹೊಸ ವಿಷಯ ತೆಗೆಯಲು 'ಬೈ ದ ವೇ', ನಡೆಯುತ್ತಿರುವ ಮಾತಿನ ಬಾಲ ಹಿಡಿಯಲು 'ಸ್ಪೀಕಿಂಗ್ ಆಫ್ ದಟ್', ಏನೋ ನೆನಪಾದರೆ 'ದಟ್ ರಿಮೈಂಡ್ಸ್ ಮಿ', ದಾರಿ ತಪ್ಪಿದ್ದನ್ನು ಮತ್ತೆ ದಾರಿಗೆ ತರಲು 'ಎನಿವೇ'. ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಒಂದು ದಿನ ಮಿಸ್ಸು, "ಅಂಕಲ್, ನಾನು ಮಳೆ ಬಗ್ಗೆ ಶುರು ಮಾಡ್ತೀನಿ. ನೀವು ನಿಧಾನವಾಗಿ ರಜಾ, ಪ್ರವಾಸ ಅಂತ ತಿರುಗಿಸ್ಬೇಕು" ಅಂದರು.

"ಇಟ್ಸ್ ರೇನಿಂಗ್ ಎ ಲಾಟ್" ಅಂದರು.

"ಯೆಸ್. ಸ್ಪೀಕಿಂಗ್ ಆಫ್ ರೇನ್, ವಾಟರ್. ಸ್ಪೀಕಿಂಗ್ ಆಫ್ ವಾಟರ್, ಯುವರ್ ಬಾತ್‌ರೂಮ್ ಶವರ್ ಪ್ರೆಶರ್ ಗುಡ್?"

"ಅಂಕಲ್, ಪ್ರವಾಸ."

"ಯೆಸ್ ಯೆಸ್. ಆಫ್ಟರ್ ಪ್ರವಾಸ, ಬಾಡಿ ಪೇಯ್ನ್. ಹಾಟ್ ವಾಟರ್ ಬಾತ್."

ಕ್ಲಾಸೆಲ್ಲ ನಕ್ಕಿತು. ಮಿಸ್ಸು ಮಾತ್ರ ಗಂಭೀರವಾಗಿ, "ಮಾತು ಅಂದ್ರೆ ಆಟೋ ಅಲ್ಲ ಅಂಕಲ್, ಒಬ್ರೇ ಹ್ಯಾಂಡಲ್ ಹಿಡ್ಕೊಳೋಕೆ. ಎದುರಿನವ್ರಿಗೂ ಸ್ವಲ್ಪ ಬಿಡ್ಬೇಕು" ಅಂದರು. ತಲೆ ತಗ್ಗಿಸಿದೆ. ಕ್ಲಾಸು ಮುಗಿದ ಮೇಲೆ ಅವರೇ ಮೆಟ್ಟಿಲ ಹತ್ತಿರ ಬಂದು, "ಅಂದ ಹಾಗೆ ಅಂಕಲ್, ನಮ್ಮ ಪಿಜಿಯಲ್ಲಿ ಶವರ್ ನಿಜವಾಗ್ಲೂ ಸರಿಯಿಲ್ಲ" ಅಂದರು.

ಫೀಸಿನಲ್ಲಿ ಅರ್ಧ ಆವತ್ತೇ ವಾಪಸ್ಸು ಬಂತು.

ಎನಿವೇ

ಕಲಿತದ್ದನ್ನು ಅಂಗಡಿಯಲ್ಲಿ ಪ್ರಯೋಗಿಸದಿದ್ದರೆ ಹೇಗೆ? ನಂದಿನಿ ಲೇಔಟಿನಿಂದ ಒಂದು ಹೊಸ ಜೋಡಿ ಬಂತು. ಇಂಗ್ಲಿಷಿನವರೇ. ಒಂದು ಸಿಂಕು ಹಿಡಿಸಿತ್ತು, ಇನ್ನೇನು ಆಯಿತು ಅನ್ನುವಾಗ ಆ ಹುಡುಗಿ ಅತ್ತೆಯ ಅಡುಗೆಮನೆ ಕತೆ ಶುರು ಮಾಡಿದಳು. ಹುಡುಗ ಅಮ್ಮನ ಪರ ವಹಿಸಿದ. ಮಾತು ಸಿಂಕಿನಿಂದ ಸಂಸಾರಕ್ಕೆ ಜಾರುತ್ತಿತ್ತು. ದಾರಿಗೆ ತರೋಣ ಅಂತ ನಾನು ಟೇಬಲ್ ತಟ್ಟಿ, ಜೋರಾಗಿ, "ಎನಿವೇ!" ಅಂದೆ.

ಇಬ್ಬರೂ ಬೆಚ್ಚಿದರು. "ಸೋ ಸಾರಿ ಅಂಕಲ್, ವೀ ವೇಸ್ಟೆಡ್ ಯುವರ್ ಟೈಮ್" ಅಂತ ಎದ್ದು ಹೊರಟೇಬಿಟ್ಟರು. ಎದ್ದು ಹೋಗಿ ಅಂತ ನಾನು ಸೂಚನೆ ಕೊಟ್ಟೆ ಅಂದುಕೊಂಡಿರಬೇಕು. ರಸ್ತೆ ದಾಟಿ ಎದುರಂಗಡಿಗೆ ಹೋದರು. ಹತ್ತು ನಿಮಿಷದಲ್ಲಿ ಸಿಂಕು ಆಟೋ ಹತ್ತಿತು.

ಮೂವತ್ತು ವರ್ಷದಲ್ಲಿ ಗಿರಾಕಿಯನ್ನು ಒಂದೇ ಪದದಲ್ಲಿ ಎದುರಂಗಡಿಗೆ ಕಳಿಸಿಕೊಟ್ಟದ್ದು ಅದೇ ಮೊದಲು. ಅದಕ್ಕೂ ಫೀಸು ಕಟ್ಟಿ ಕಲಿತಿದ್ದೆ.

ಮನೆಪಾಠ

ನನ್ನ ನೋಟ್‌ಬುಕ್ಕನ್ನು ನನಗಿಂತ ಚೆನ್ನಾಗಿ ಓದಿದವಳು ನನ್ನ ಹೆಂಡತಿ. ಒಂದು ಬೆಳಿಗ್ಗೆ ಕಾಫಿ ಲೋಟ ಕುಕ್ಕಿ, "ರೀ, ಸ್ಪೀಕಿಂಗ್ ಆಫ್ ಕಾಫಿ, ಲೋಟ ತೊಳೀಬೇಕು. ಸ್ಪೀಕಿಂಗ್ ಆಫ್ ತೊಳೆಯೋದು, ಸಿಂಕಿನ ನಲ್ಲಿ ಸೋರ್ತಾ ಇದೆ. ದಟ್ ರಿಮೈಂಡ್ಸ್ ಮಿ, ಎರಡು ವರ್ಷ ಆಯ್ತು" ಅಂದಳು.

ನಮ್ಮ ಮನೆಯ ನಲ್ಲಿಗೆ ಬಟ್ಟೆ ಸುತ್ತಿ ಕಟ್ಟಿರುವುದು ನಿಜ. ಊರಿಗೆಲ್ಲ ನಲ್ಲಿ ಮಾರುವವನ ಮನೆ ಅದು. "ನಾಳೆ ವಾಷರ್ ತರ್ತೀನಿ ಕಣೇ" ಅಂದೆ.

"ಯಾವ ನಾಳೆ?"

"ಎನಿವೇ" ಅಂದೆ.

ಮನೆಯಲ್ಲಿ ಅದು ಕೆಲಸ ಮಾಡಲಿಲ್ಲ. ಎದ್ದು ಹೋಗಬೇಕಾದವನು ನಾನೇ ಆದೆ.

ಮತ್ತೆ ಅದೇ ಲಿಫ್ಟು

ಎರಡು ತಿಂಗಳ ಮೇಲೆ ಆರ್ಕಿಟೆಕ್ಟ್ ಮೇಡಂ ಮತ್ತೆ ಟೈಮ್ ಕೊಟ್ಟರು. ಅಷ್ಟರಲ್ಲಿ ಮಾಲೀಕರು ಕಾಫಿ ಅಂಗಡಿಯವರನ್ನು ಕರೆತಂದು ನನ್ನ ಗೋಡೆಗೆ ಯಾವ ಬಣ್ಣ ಒಪ್ಪುತ್ತದೆ ಅಂತ ನೋಡಿಸಿದ್ದರು. ಇದು ಕೊನೆಯ ಅವಕಾಶ. "ಆಫೀಸ್ ಅಂದ್ರೆ ವಿಷಯ ಮೊದಲು, ಉಪಚಾರ ಆಮೇಲೆ ಅಂಕಲ್" ಅಂತ ಮಿಸ್ಸು ಹತ್ತು ಸಲ ಹೇಳಿಕೊಟ್ಟಿದ್ದರು. ಹೆಂಡತಿ ಇಸ್ತ್ರಿ ಮಾಡಿಟ್ಟಿದ್ದ ನೀಲಿ ಶರ್ಟು ಹಾಕಿಕೊಂಡು ಹೋಗಿ, ಕುರ್ಚಿಗೆ ಬೆನ್ನು ತಾಗುವ ಮೊದಲೇ ಹೇಳಿದೆ: "ಮೇಡಂ, ಐ ಕೇಮ್ ಫಾರ್ ಕೆಂಗೇರಿ ಬಾತ್‌ರೂಮ್ಸ್. ಐ ಸಪ್ಲೈ ಆಲ್."

"ಓಕೆ" ಅಂದರು. "ಕೀಪ್ ದ ಕ್ಯಾಟಲಾಗ್ ದೇರ್." ಅಲ್ಲಿ ಆಗಲೇ ಕ್ಯಾಟಲಾಗುಗಳ ಗುಡ್ಡೆ ಇತ್ತು. ನನ್ನದು ಹತ್ತನೆಯದೋ ಹನ್ನೊಂದನೆಯದೋ. ಥ್ಯಾಂಕ್ಯೂ ಹೇಳಿ ಎದ್ದೆ.

ಮೇಡಂ ಈ ಸಲವೂ ಲಿಫ್ಟಿನವರೆಗೆ ಬಂದರು. ನಾನು ಒಳಗೆ ಕಾಲಿಟ್ಟು ಗುಂಡಿ ಒತ್ತಿದೆ. ಬಾಗಿಲು ಮುಚ್ಚುವಾಗ ಅವರು ಕೈ ಅಡ್ಡ ಇಟ್ಟರು.

"ಸರ್, ಹೋದ ಸಲ ನೀವು ಬೈ ದ ವೇ ಅಂದ್ರಿ, ಲಿಫ್ಟ್ ಮುಚ್ತು" ಅಂದರು ಇಂಗ್ಲಿಷಿನಲ್ಲಿ. "ಎರಡು ತಿಂಗಳಿಂದ ಅದೇ ಯೋಚನೆ. ಈ ಊರಲ್ಲಿ ಎಲ್ಲರೂ ಅಸಲು ವಿಷಯ ಬಾಗಿಲಲ್ಲೇ ಹೇಳ್ತಾರೆ ಅಂತ ನಂಗೀಗ ಗೊತ್ತಾಗಿದೆ. ಏನದು, ಹೇಳಿ."

ಇಕ್ಕಟ್ಟು ನೋಡಿ. ನಾನು ಕಷ್ಟಪಟ್ಟು ಅವರ ಕ್ರಮ ಕಲಿತು ಬಂದರೆ, ಅವರು ನಮ್ಮ ಕ್ರಮ ಕಲಿತು ಕೂತಿದ್ದರು. ಅಸಲು ವಿಷಯ ಬಂದ ತಕ್ಷಣವೇ ಖರ್ಚಾಗಿತ್ತು. ಅವರು ಕಾಯುತ್ತಿದ್ದರು, ಲಿಫ್ಟು ಕುಯ್ ಅನ್ನುತ್ತಿತ್ತು. ಆಗ ಆಫೀಸಿನ ಒಳಗಿನಿಂದ ಟೊಕ್, ಟೊಕ್ ಅಂತ ಸದ್ದು ಕೇಳಿಸಿತು.

"ಬೈ ದ ವೇ," ಅಂದೆ, "ಯುವರ್ ಟ್ಯಾಪ್ ಈಸ್ ಲೀಕಿಂಗ್."

ಮೇಡಂ ಹಣೆ ಚಚ್ಚಿಕೊಂಡು ಒಳಗೆ ಕರೆದುಕೊಂಡು ಹೋದರು. ಕಾಫಿ ಮಾಡುವ ಮೂಲೆಯ ಹಳೇ ಸಿಂಕು. ಕೆಳಗೆ ಒಂದು ಮಗ್ಗು. ನಾಲ್ಕು ತಿಂಗಳಿಂದ ಪ್ಲಂಬರ್‌ಗಳೆಲ್ಲ ನಾಳೆ ಬರ್ತೀನಿ ಅನ್ನುತ್ತಿದ್ದರಂತೆ. ನನಗೂ ಪರಿಚಯದ ಮಾತು, ಕಣ್ಣು ತಪ್ಪಿಸಿದೆ. ಅಭ್ಯಾಸಬಲದಿಂದ ಜೇಬಿಗೆ ಕೈ ಹೋಯಿತು. ಒಂದು ವಾಷರ್ ಸಿಕ್ಕಿತು! ನಮ್ಮ ವ್ಯಾಪಾರದವರ ಜೇಬಲ್ಲಿ ವಾಷರ್ ಇರುವುದೇನು ದೊಡ್ಡದಲ್ಲ ಬಿಡಿ. ವಾಚ್‌ಮನ್ ಹತ್ತಿರ ಸ್ಪ್ಯಾನರ್ ಇಸ್ಕೊಂಡು, ಕೆಳಗಿನ ವಾಲ್ವ್ ಮುಚ್ಚಿ, ಐದು ನಿಮಿಷದಲ್ಲಿ ಹಾಕಿ ಮುಗಿಸಿದೆ. ಆ ಐದು ನಿಮಿಷ ನಾನು ಒಂದು ಮಾತೂ ಆಡಲಿಲ್ಲ. ನನ್ನ ಇಂಗ್ಲಿಷ್ ಅತ್ಯುತ್ತಮವಾಗಿದ್ದದ್ದು ಆಗಲೇ.

ಟೊಕ್ ನಿಂತಿತು. ಮೇಡಂ ನಲ್ಲಿ ನೋಡಿದರು, ನನ್ನನ್ನು ನೋಡಿದರು. "ಕೆಂಗೇರಿಯಲ್ಲಿ ಜನ ವಾಸಕ್ಕೆ ಬಂದ ಮೇಲೆ ನಲ್ಲಿ ಸೋರಿದ್ರೆ ಯಾರು ಬರ್ತಾರೆ?"

"ಐ ಕಮ್," ಅಂದೆ. "ವಿತ್ ವಾಷರ್."

ಮುಂದಿನ ವಾರ ಆರ್ಡರ್ ಬಂತು. ಮಾಲೀಕರು ಅಳತೆ ಟೇಪು ಒಳಗಿಟ್ಟರು. ನಾನು ಸ್ವೀಟ್ ಬಾಕ್ಸ್ ಹಿಡಿದು ಮನೆಗೆ ಹೋಗಿ ಹೆಂಡತಿಗೆ ಎಲ್ಲ ವರ್ಣಿಸಿದೆ. "ನೋಡಿದ್ಯಾ? ಜೇಬಲ್ಲಿದ್ದ ಒಂದು ವಾಷರ್‌ಗೆ ನೂರ ತೊಂಬತ್ತೆರಡು ಬಾತ್‌ರೂಮ್! ಇದಪ್ಪಾ ವ್ಯಾಪಾರ."

ಅವಳು ಸೌಟು ಕೆಳಗಿಟ್ಟಳು. "ಯಾವ ಶರ್ಟು?"

"ನೀಲೀದು."

"ಬೈ ದ ವೇ, ಆ ವಾಷರ್ ನಮ್ಮ ಸಿಂಕಿಗೆ ಅಂತ ನಾನು ತಂದು ಜೇಬಲ್ಲಿ ಇಟ್ಟಿದ್ದು. ಕೈ ಹಾಕ್ದಾಗ್ಲಾದ್ರೂ ನೆನಪಾಗ್ಲಿ ಅಂತ."

"ಅಂಗಡಿಗೆ ಯಾವಾಗ ಬಂದಿದ್ದೆ? ನಾನು ನೋಡ್ಲೇ ಇಲ್ವಲ್ಲ."

"ನಿಮ್ಮಂಗಡಿಗೆ ಯಾಕ್ರೀ ಬರ್ಲಿ? ಒಂದು ವಾಷರ್ ಕೇಳಿದ್ರೆ ಕೂರಿಸ್ಕೊಂಡು ಮನೆ ಯಾವಾಗ ಕಟ್ಸಿದ್ದು ಅಂತೀರಿ. ಎದುರಂಗಡೀಲಿ ತಗೊಂಡೆ. ಪಾಪ, ಒಂದು ಮಾತೂ ಆಡ್ದೆ ಕೊಟ್ರು."