ಥೋರ್ಕಿಲ್ ತಂದ ಹರಳು

ಗಂಡ ಹರಳು ತಂದಿದ್ದಾನೆಂದರೆ ಯಾವ ಹೆಂಡತಿಯಾದರೂ ಬೆರಳು ಚಾಚುತ್ತಾಳೆ. ಡಾಗ್ನಿಯೂ ಚಾಚಿದಳು. ಹಿಟ್ಟು ಮೆತ್ತಿದ್ದ ಕೈಯನ್ನು ಒರೆಸಿಕೊಂಡು, ಉಂಗುರದ ಬೆರಳನ್ನೇ ಮುಂದೆ ಮಾಡಿ ನಿಂತಳು. ಮದುವೆಯಾಗಿ ಹನ್ನೊಂದು ವರ್ಷಕ್ಕಾದರೂ ಈ ಮನುಷ್ಯನಿಗೆ ಬುದ್ಧಿ ಬಂತಲ್ಲ ಎಂದು ಅವಳ ಕಣ್ಣು ತುಂಬಿ ಬಂದಿತ್ತು.

ಥೋರ್ಕಿಲ್ ಜೇಬಿನಿಂದ ತೆಗೆದದ್ದು ಬೆಂಕಿಪೊಟ್ಟಣದಂಥ ಒಂದು ಕಪ್ಪು ಡಬ್ಬಿ. ಅದಕ್ಕೆ ಎರಡು ಕಾಲು ಬೇರೆ.

"ಏನ್ರೀ ಇದು? ಮೂಗಿಗೆ ಹಾಕ್ಕೊಳ್ಳೋದಾ?"

"ರೇಡಿಯೋಗೆ ಕಣೇ! ಒಳಗಿರೋದು ಅಪ್ಪಟ ಸ್ಫಟಿಕದ ಹರಳು. ಇದನ್ನ ಕೂರಿಸಿದ್ರೆ ಬೇಕಾದ ಸ್ಟೇಷನ್ ಒಂದೇ ಕೇಳುತ್ತೆ. ಪಕ್ಕದೋರ ಗಲಾಟೆಯೆಲ್ಲ ಸೋಸಿ ಆಚೆಗೆ. ಒಂಥರಾ ಜರಡಿ ಅನ್ಕೋ."

"ಜರಡಿ ಮನೇಲಿ ಮೂರಿವೆ," ಎಂದು ಡಾಗ್ನಿ ಬೆರಳು ಮಡಚಿಕೊಂಡು ಒಳಗೆ ಹೋದಳು.

ಮಾರ್ಸ್ತಾಲ್ ಎಂಬ ಬಂದರಿನ ಊರಿನಲ್ಲಿ ಥೋರ್ಕಿಲ್ ಮಧ್ಯಾಹ್ನ ಮೂರರವರೆಗೆ ಅಂಚೆ ಗುಮಾಸ್ತ. ಮೂರರ ನಂತರ ಹವ್ಯಾಸಿ ರೇಡಿಯೋ ಲೋಕದ ಚಕ್ರವರ್ತಿ. ಅವನ ಸಿಂಹಾಸನವಿದ್ದದ್ದು ಮನೆಯ ಏಕೈಕ ಊಟದ ಮೇಜಿನ ಮೇಲೆ. ಆರು ವರ್ಷದಿಂದ ಗಂಡ ಹೆಂಡತಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ರೈ ರೊಟ್ಟಿ, ಹೆರಿಂಗ್ ಮೀನು ತಿನ್ನುತ್ತಿದ್ದರು. (ಸಾರು ಮಾಡುವುದನ್ನು ಡಾಗ್ನಿ ಯಾವತ್ತೋ ಬಿಟ್ಟಿದ್ದಳು. ತೊಡೆಗೂ ಒಂದು ಮಿತಿಯಿದೆ.)

ಅವಳ ತಮ್ಮ ಎಬ್ಬೆ ಗ್ರೀನ್‌ಲ್ಯಾಂಡಿನ ಹವಾಮಾನ ಕೇಂದ್ರದಲ್ಲಿ ಎರಡು ವರ್ಷದಿಂದಿದ್ದ. ಅವನಿಗೂ ಇದೇ ರೇಡಿಯೋ ಹುಚ್ಚು. ಊರಿಗೆ ಬರುವ ತಾರೀಕನ್ನು ನವೆಂಬರ್ ಎಂಟರ ಶನಿವಾರ, ಸಂಜೆ ನಾಲ್ಕಕ್ಕೆ ಚುಕ್ಕಿ ಗೀಟುಗಳ ಮೋರ್ಸ್ ಸಂಕೇತದಲ್ಲಿ ಕಳಿಸುವುದೆಂದು ಭಾವ ಮೈದುನರ ನಡುವೆ ಮಾತಾಗಿತ್ತು.

"ಒಂದು ಕಾಗದ ಬರೆದ್ರೆ ಆಗಲ್ವಾ?" ಎಂದಳು ಡಾಗ್ನಿ.

"ಕಾಗದ! ನಾನು ಅಂಚೆ ಕಚೇರಿಯೋನು ಕಣೇ, ಕಾಗದದ ಯೋಗ್ಯತೆ ನಂಗೆ ಗೊತ್ತು."

"ಸರಿ. ನಿಮ್ಮ ಜರಡಿ ತಾರೀಕು ಸರಿಯಾಗಿ ಹಿಡಿದ್ರೆ ಮೇಜು ಸಾಯೋವರೆಗೂ ನಿಮ್ದೇ. ತಪ್ಪಿದ್ರೆ ಮೇಜು ನಂದು, ರೇಡಿಯೋ ಕೋಳಿಗೂಡಿಗೆ. ಒಪ್ಪಿಗೆನಾ?"

"ಒಪ್ಪಿಗೆ!" ಎಂದು ಚಕ್ರವರ್ತಿಗಳು ಅಪ್ಪಣೆ ಕೊಡಿಸಿದರು.

ಆದರೆ ಹರಳಿನ ಸ್ವರ ರೇಡಿಯೋದ ಸ್ವರಕ್ಕಿಂತ ಕೂದಲೆಳೆ ಕೆಳಗಿತ್ತು. ಹರಳನ್ನು ಡಬ್ಬಿಯಿಂದ ತೆಗೆದು ಉಜ್ಜಿದರೆ ಸ್ವರ ಏರುತ್ತದೆ. ಉಜ್ಜಲು ನುಣ್ಣನೆಯ ಪುಡಿ ಬೇಕು, ಸಪಾಟು ಗಾಜು ಬೇಕು. ಥೋರ್ಕಿಲ್ ಮನೆಯ ಹಲ್ಲುಪುಡಿಯನ್ನೆಲ್ಲ ಡಾಗ್ನಿಯ ಕೈಗನ್ನಡಿಯ ಮೇಲೆ ಸುರಿದುಕೊಂಡು ಕೂತ. ಉಜ್ಜಿದ, ತೊಳೆದ, ಕೂರಿಸಿ ನೋಡಿದ, ಮತ್ತೆ ಉಜ್ಜಿದ. ಸ್ವರ ಜಾಸ್ತಿ ಏರಿಹೋದಾಗ ಹರಳಿನ ಮೇಲೆ ಪೆನ್ಸಿಲ್ ಗೀಚಿ ಇಳಿಸಿದ. ಮೂರು ದಿನ ಮನೆಯಲ್ಲಿ ಥಳಥಳ ಹೊಳೆಯುತ್ತಿದ್ದದ್ದು ಆ ಹರಳೊಂದೇ. ಗಂಡ ಹೆಂಡತಿ ಬಾಯಿ ಮುಚ್ಚಿಕೊಂಡು ಓಡಾಡಿದರು.

ಶನಿವಾರ ನಾಲ್ಕು ಹೊಡೆಯಿತು. ತನ್ನ ವಿಜಯಕ್ಕೆ ಹೆಂಡತಿಯೂ ಸಾಕ್ಷಿಯಾಗಲೆಂದು ಥೋರ್ಕಿಲ್ ಅಡುಗೆಮನೆಗೆ ಕೇಳುವಂತೆ ಸ್ಪೀಕರ್ ಹಚ್ಚಿದ್ದ. ಎಬ್ಬೆಯ ಸದ್ದು ಬಂತು. ಆದರೆ ಅದಕ್ಕೆ ಅಂಟಿಕೊಂಡೇ ಇಟಲಿಯವನೊಬ್ಬ ಕಿವಿ ಹರಿಯುವಂತೆ ಕೀಂಯ್ಗುಟ್ಟುತ್ತಿದ್ದ, ಅವನ ಹಿಂದೆ ಇನ್ನಿಬ್ಬರು.

"ಥೂ, ಒಂದಕ್ಷರ ಬಿಡಿಸೋಕಾಗ್ತಿಲ್ಲ!"

"ಇಪ್ಪತ್ತೊಂದನೇ ತಾರೀಕು ಅಂತಾನಲ್ರೀ," ಎಂದು ಒಳಗಿನಿಂದ ಡಾಗ್ನಿ ಕೂಗಿದಳು. (ಗಂಡ ಗಡ್ಡ ಹೆರೆಯುವಾಗಲೂ ಬಾಯಲ್ಲಿ ಮೋರ್ಸ್ ಅಭ್ಯಾಸ ಮಾಡುತ್ತಿದ್ದರೆ ಯಾವ ಹೆಂಡತಿಗೆ ತಾನೇ ಅದು ಬರುವುದಿಲ್ಲ?)

"ಸುಮ್ನಿರೇ! ಆ ಗಲಾಟೇಲಿ ನಿಂಗೆಲ್ಲಿ ಕೇಳುತ್ತೆ? ಎರಡನೇ ಸಲ ಕಳಿಸ್ತಾನೆ. ಈಗ ನೋಡು ಜರಡಿ!"

ಅವನು ಹರಳನ್ನು ಜೋಡಿಸಿದ. ಒಂದು ತಿರುಪು ತಿರುಗಿಸಿದ, ಇಟಲಿಯವನು ಬಾವಿಗೆ ಬಿದ್ದಂತೆ ಮಾಯವಾದ. ಇನ್ನೊಂದು ತಿರುಪಿನಿಂದ ಸದ್ದು ನುಸುಳುವ ದಾರಿಯನ್ನು ಕಿರಿದು ಮಾಡಿದ, ಉಳಿದಿಬ್ಬರೂ ಹೋದರು. ಎಬ್ಬೆ ಒಬ್ಬನೇ ಉಳಿದ. ಅಲ್ಲಿಗೆ ಕೈ ತೆಗೆಯಬೇಕಿತ್ತು. ಆದರೆ ಗೆದ್ದ ಗಂಡಸಿನ ಕೈ ಸುಮ್ಮನಿರುತ್ತದೆಯೇ? ಇನ್ನೊಂದಿಷ್ಟು ಕಿರಿದು ಮಾಡಿದ, ಮತ್ತೂ ಒಂದಿಷ್ಟು. ಈಗ ಎಬ್ಬೆಯ ಪ್ರತಿ ಚುಕ್ಕಿಯೂ ಗಂಟೆಯ ಹಾಗೆ ಗುಂಯ್ಗುಡತೊಡಗಿತು. ಥೋರ್ಕಿಲ್ ಗಂಭೀರವಾಗಿ ಬರೆದುಕೊಂಡ: ಹನ್ನೊಂದನೇ ತಾರೀಕು.

"ಇವತ್ತು ಎಂಟು. ಗ್ರೀನ್‌ಲ್ಯಾಂಡಿಂದ ಮೂರು ದಿನಕ್ಕೆ ಬರೋಕೆ ಅವ್ನೇನು ರೆಕ್ಕೆ ಕಟ್ಕೊಂಡಿದ್ದಾನಾ?"

"ಈಗಿನ ಹಡಗುಗಳ ವೇಗ ನಿಂಗೇನು ಗೊತ್ತು?"

ಮಂಗಳವಾರ ಹನ್ನೊಂದರಂದು ಕಡಲ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಥೋರ್ಕಿಲ್ ಮದುವೆಯ ಕೋಟು ತೊಟ್ಟು, ಕಾಗದದ ಬಾವುಟ ಹಿಡಿದು ಬಂದರಿನಲ್ಲಿ ನಿಂತಿದ್ದ. ಹರಳಿನ ಮಹಿಮೆ ನೋಡಲು ರೇಡಿಯೋ ಕ್ಲಬ್ಬಿನ ಹತ್ತು ಜನರನ್ನೂ ಕರೆಸಿದ್ದ; ಅಧ್ಯಕ್ಷ ಬಾಲ್ಸ್‌ಲೇವ್ ಟೊಪ್ಪಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು. ಹಡಗು ಬಂತು. ಮೂರು ಅಂಚೆ ಚೀಲ, ಒಂದು ಸೈಕಲ್ಲು, ಒಂದು ಹಂದಿ ಇಳಿದವು. ಬಾವುಟ ಬೀಸಿದ್ದು ಹಂದಿಗಾಯಿತು.

ಅಷ್ಟರಲ್ಲಿ ಡಾಗ್ನಿ ಅಡುಗೆಯ ಏಪ್ರನ್ನಿನಲ್ಲೇ ಬಂದು, ಬೆಣ್ಣೆ ಸುತ್ತಿದ ಕಾಗದವೊಂದನ್ನು ಅಧ್ಯಕ್ಷರ ಕೈಗಿಟ್ಟಳು. ಅದರ ಮೇಲೆ ಅವಳು ಬರೆದುಕೊಂಡಿದ್ದ ಶನಿವಾರದ ಸಂದೇಶ ಪೂರ್ತಿ ಇತ್ತು. ಬಾಲ್ಸ್‌ಲೇವ್ ಥೋರ್ಕಿಲ್ ಬರೆದುಕೊಂಡಿದ್ದ ಚೀಟಿಯನ್ನೂ ಇಸಿದುಕೊಂಡು ಎರಡನ್ನೂ ಹೋಲಿಸಿದರು.

"ಥೋರ್ಕಿಲ್, ಎರಡು ಅಂದ್ರೆ ಎರಡು ಚುಕ್ಕಿ, ಮೂರು ಗೀಟು. ಒಂದು ಅಂದ್ರೆ ಒಂದು ಚುಕ್ಕಿ, ನಾಲ್ಕು ಗೀಟು. ನಿನ್ನ ಹರಳು ಗುಂಯ್ಗುಟ್ಟಿ, ಎರಡನೇ ಚುಕ್ಕಿ ಊದ್ಕೊಂಡು ಗೀಟಾಗಿದೆ. ಅಷ್ಟು ಕಿರಿದು ಮಾಡ್ತಾರೇನಯ್ಯಾ?" ಆಮೇಲೆ ಟೊಪ್ಪಿ ತೆಗೆದು ಕೇಳಿದರು: "ನೀವು ಯಾವ ಜರಡಿ ಹಾಕಿದ್ರಿ, ತಾಯಿ?"

"ಯಾವ್ದೂ ಇಲ್ಲ. ಇಟಲಿಯೋನು ಕಿರುಚ್ತಿದ್ದ, ಆಲೂಗಡ್ಡೆ ಉಕ್ಕುತ್ತಿತ್ತು, ಇವ್ರು ಬಯ್ತಿದ್ರು. ಎಬ್ಬೆ ನಾನು ಎತ್ತಿ ಆಡಿಸಿದ ತಮ್ಮ. ಸಾವಿರ ಜನ ಕೂಗಿದ್ರೂ ಅವ್ನು ಮಾತಾಡಿದ್ದು ನಂಗೆ ಕೇಳುತ್ತೆ."

ಕ್ಲಬ್ಬಿನವರು ಥೋರ್ಕಿಲ್‌ನನ್ನು ಬಿಟ್ಟು ಅವಳನ್ನು ಸುತ್ತುವರಿದರು.

ಮನೆಗೆ ಬಂದ ಥೋರ್ಕಿಲ್ ರೇಡಿಯೋದ ತಂತಿ ಬಿಚ್ಚತೊಡಗಿದ.

"ಬಿಡಿ, ಅಲ್ಲೇ ಇರ್ಲಿ," ಎಂದಳು ಡಾಗ್ನಿ. "ಮೇಜು ನಂದು. ಅದರ ಮೇಲೆ ಏನಿರ್ಬೇಕು ಅಂತ ಹೇಳೋಳೂ ನಾನೇ. ಭಾನುವಾರ ಕ್ಲಬ್ಬಿನೋರು ಬರ್ತಾರೆ. ನಾನು ಪಾಠ ಹೇಳ್ಬೇಕಂತೆ."

ಥೋರ್ಕಿಲ್‌ನ ಜೀವ ಮರಳಿ ಬಂತು. ಭಾನುವಾರ ಹತ್ತು ಜನ ನೋಟ್‌ಬುಕ್ ಬಿಡಿಸಿಕೊಂಡು ಮೇಜಿನ ಸುತ್ತ ಕೂತರು. ಕುರ್ಚಿ ಸಾಲದೆ ಅವನು ಡಾಗ್ನಿಯ ಭುಜದ ಹಿಂದೆ ನಿಂತ. ಅವಳು ತಿರುಪಿನ ಮೇಲೆ ಕೈಯಿಟ್ಟಳೋ ಇಲ್ಲವೋ, ಇವನು ಶುರುಮಾಡಿದ: "ಹಾಗಲ್ಲ ಕಣೇ, ಎಡಕ್ಕೆ... ಅಯ್ಯೋ, ನಿಧಾನ... ಮೊದ್ಲು ಆ ಇನ್ನೊಂದು..."

ಡಾಗ್ನಿ ಕೈ ತೆಗೆದು ಸಭೆಯತ್ತ ತಿರುಗಿದಳು.

"ಮೊದಲ ಪಾಠ. ದೂರದ ಮಾತು ಕೇಳ್ಬೇಕಾದ್ರೆ, ತೀರಾ ಹತ್ರ ನಿಂತು ಸದ್ದು ಮಾಡೋನನ್ನ ಮೊದ್ಲು ಆಚೆ ಕಳಿಸ್ಬೇಕು."

ಥೋರ್ಕಿಲ್ ತಾನಾಗಿಯೇ ಕೋಳಿಗೂಡಿನ ಕಡೆ ಹೊರಟ. ಬಾಗಿಲು ದಾಟುವಾಗ ಹಿಂತಿರುಗಿ ನೋಡಿದ. ಹತ್ತೂ ಜನ ತಲೆ ತಗ್ಗಿಸಿ ಅದನ್ನು ಬರೆದುಕೊಳ್ಳುತ್ತಿದ್ದರು.